ಓನರಮ್ಮನ ‘ಹುಡ್ಗ’

ಚಿಕ್ಕಲಸಂದ್ರದ ನಮ್ಮ ಓನರಮ್ಮ ಗಂಗಹನುಮಕ್ಕನಿಗೆ ಎಪ್ಪತ್ತೊಂದು ವರ್ಷ, ಒಂದು ಹಸು, ತಲೆತುಂಬ ಟೆನಿಸ್ ಹುಚ್ಚು. ಮೂವತ್ತೆಂಟು ದಾಟಿದ ಒಬ್ಬ ಚಾಂಪಿಯನ್ ಆಟಗಾರ ಈ ಅಮ್ಮನ ಬಾಯಲ್ಲಿ ಇನ್ನೂ ‘ನಮ್ ಹುಡ್ಗ’. ಅವನ ಮ್ಯಾಚಿಗೆ ಬಾಡಿಗೆಯವರೆಲ್ಲ ಅವರ ಟೀವಿ ಮುಂದೆ ಹಾಜರಿರಬೇಕು. ಅವನು ಸರ್ವ್ ಮಾಡುವಾಗ ಕೆಮ್ಮಿದವರಿಗೆ ಮರುದಿನ ನಲ್ಲಿಯಲ್ಲಿ ನೀರಿಲ್ಲ. ಮೊನ್ನೆ ಅವನು ಸೆಮಿಫೈನಲ್‌ನಲ್ಲಿ ಸೋತಾಗ ಎರಡನೇ ಮಹಡಿಯ ಶ್ರೀಕರ್ ಬಾಯಿಬಿಟ್ಟ: “ಆಂಟಿ, ಹೆಸರಿರುವಾಗ್ಲೇ ನಿಲ್ಲಿಸ್ಬೇಕಿತ್ತು. ಈಗ ಚಿಕ್ಕ ಹುಡುಗ್ರ ಕೈಲಿ ಹೊಡ್ತ ತಿಂತಿದಾನೆ.” “ನಿಂಗ್ಯಾಕೋ ಸಂಕಟ? ಸೆಮಿಫೈನಲ್‌ವರ್ಗೂ ಅವ್ನನ್ನ ನೀನೇನ್ ಹೊತ್ಕೊಂಡ್ ಹೋಗಿದ್ಯಾ?” ಎಂದು ಓನರಮ್ಮ ಗುಡುಗಿದರು. ವಯಸ್ಸಾದವರಿಗೆ ‘ಸಾಕು, ಕೂತ್ಕೊಳ್ಳಿ’ ಎನ್ನಲು ನಮಗೆಷ್ಟು ಆತುರ, ನಾಚಿಕೆಗೇಡು! ಅಮ್ಮನ ಮಂಡಿನೋವಿನ ನೆಪ ಹೇಳಿ ಓನರಮ್ಮನ ಮಕ್ಕಳೂ ಅವರ ಕೊನೆಯ ಹಸುವಿಗೆ ಗಿರಾಕಿ ಹುಡುಕಿದ್ದರು. ಇವತ್ತು ಬೆಳಗ್ಗೆ ಆ ಗಿರಾಕಿ ಹಗ್ಗ ಹಿಡಿದು ಬಂದರೆ, ಗೇಟಿನಲ್ಲಿ ವಿಷಯ ತಿಳಿದ ಬಾಡಿಗೆಯವರೆಲ್ಲ ಹಾಲಿನ ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಶ್ರೀಕರ್. “ಆಂಟಿ, ಇನ್ಮೇಲೆ ದಿನಾ ಒಂದ್ ಲೀಟರ್ ನಂಗೆ. ಪ್ಯಾಕೆಟ್ ಹಾಲು ಬಿಟ್ಟೆ.” ಗಿರಾಕಿ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟ. ಓನರಮ್ಮ ಕಣ್ಣೊರೆಸಿಕೊಂಡು, ಮಂಡಿ ಹಿಡಿದು ಹಸುವಿನ ಪಕ್ಕ ಕೂತು, ಅಲ್ಲಿಂದಲೇ ಕೂಗಿದರು: “ಲೋ ಶ್ರೀಕರಾ, ಸಾಲಲ್ಲಿ ಕೊನೇಗ್ ನಿಂತ್ಕೊಳೋ! ನಮ್ ಹುಡ್ಗನ್ನ ಬೈದೋನು ನೀನು!”