ಮೊಮ್ಮಗಳ ಪಕ್ಕದ ಜಾಗ

ನನ್ನ ಮೊಮ್ಮಗಳ ಮೈಯಲ್ಲಿ ಈಗ ಒಂದೂ ಕ್ಯಾನ್ಸರ್ ಕೋಶ ಕಾಣುತ್ತಿಲ್ಲ. ಆ ಬೆಳಿಗ್ಗೆ ಡಾಕ್ಟರಮ್ಮ ಹಾಗೆಂದಾಗ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೆಬ್ಬಗೋಡಿ ಬಸ್ಸಿನ ಕಂಡಕ್ಟರಿಗೂ ಹೇಳಿಬಿಟ್ಟೆ.

"ಒಳ್ಳೇದಾಯ್ತು ಬಿಡಜ್ಜಿ, ಮೊದ್ಲು ಟಿಕೆಟ್ ತಗೋ" ಅಂದ.

ಸಂಜೆ ಕೋಳಿಸಾರು ಮಾಡಿಸಿದೆ. ನನ್ನ ಅಕ್ಕ ಚಂದಾಪುರದಿಂದ ಬಂದಿದ್ದಳು. ಏಳು ತಿಂಗಳ ಬಸುರಿ ನನ್ನ ಮಗಳು, ತನ್ನಣ್ಣನ ಮಗಳಾದ ಆ ಮಗುವಿನ ಪಕ್ಕ ಊಟಕ್ಕೆ ಕೂರಲು ಹೋದರೆ ಅಕ್ಕ ಅವಳ ತಟ್ಟೆಯನ್ನೇ ಆಚೆ ಎಳೆದಳು.

"ಬಸ್ರಿ ಎಂಗ್ಸು ಅಂಥ ಮಗೀನ ಪಕ್ಕ ಕೂರ್ಬಾರ್ದು ಕಣೇ. ಒಟ್ಟೇಲಿರೋದೂ ಅಂಗೇ ಆಗ್ತದೆ."

ನನ್ನ ಮೈ ಉರಿದುಹೋಯಿತು. ಆರು ವರ್ಷದ ಕೆಳಗೆ ಈ ಮಗು ಡೌನ್ ಸಿಂಡ್ರೋಮಿನೊಂದಿಗೆ ಹುಟ್ಟಿದಾಗ, "ಗ್ರಹಣದ ದಿನ ಕೆಲಸಕ್ಕೆ ಹೋದೆಯಲ್ಲ, ಅದಕ್ಕೇ" ಎಂದು ಸೊಸೆಗೆ ಅಂದವಳು ನಾನು. ಆಮೇಲೆ ಮಗುವಿಗೆ ರಕ್ತದ ಕ್ಯಾನ್ಸರ್ ಬಂದಾಗ ಡಾಕ್ಟರಮ್ಮನೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ನಾನು ಗಾರ್ಮೆಂಟ್ಸಿನಲ್ಲಿ ಕತ್ತರಿಸಿದ ಬಟ್ಟೆಯ ಬಂಡಲ್ ಕಟ್ಟುತ್ತಿದ್ದವಳು ಅಂತ ತಿಳಿದು, ಅದರಲ್ಲೇ ಹೇಳಿದರು. ಎರಡು ಬಂಡಲಿಗೆ ಸಮವಾಗಿ ಹಂಚುವಾಗ ಒಂದು ತುಂಡು ಹೆಚ್ಚಾಗಿ ಒಂದೇ ಕಡೆ ಬೀಳುವುದಿಲ್ಲವೇ, ಜೀವಕೋಶ ಎರಡಾಗುವಾಗಲೂ ಕೆಲವೊಮ್ಮೆ ಹಾಗೆ ಒಂದು ವರ್ಣತಂತು ಹೆಚ್ಚಾಗಿ ಬಂದುಬಿಡುತ್ತದೆ, ಡೌನ್ ಸಿಂಡ್ರೋಮ್ ಅಂದರೆ ಅದೇ. ಕ್ಯಾನ್ಸರಿನಲ್ಲೋ, ತಪ್ಪು ಹೊಕ್ಕ ಕೋಶ ಸಾಕು ಅಂದರೂ ನಿಲ್ಲದೆ ಒಂದು ಎರಡು, ಎರಡು ನಾಲ್ಕು ಆಗುತ್ತಲೇ ಹೋಗುತ್ತದೆ. ಇಂಥ ಮಕ್ಕಳಿಗೆ ಅದರ ಅಪಾಯ ಹೆಚ್ಚು. ಯಾರು ಮಾಡಿದ್ದೂ ಅಲ್ಲ, ಯಾರಿಗೂ ಅಂಟುವುದಿಲ್ಲ.

"ಯಾರೇಳಿದ್ದಕ್ಕ ನಿಂಗೆ?" ಅಂದೆ.

"ಊರೋರೆಲ್ಲ ಏಳ್ತಾರೆ."

"ಊರೋರು ಬಂದು ರಕ್ತ ಕೊಟ್ರಾ? ಕೂದಲೆಲ್ಲ ಉದುರ್ದಾಗ ಈ ಮಗೀನ ಎತ್ಕೊಂಡ್ರಾ? ನೀನು ಬಂದ್ಯಾ? ಇಡು ತಟ್ಟೆ ಅಲ್ಲೇ."

ಅಕ್ಕ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ನನ್ನ ಸಿಟ್ಟು ಇಳಿಯಲಿಲ್ಲ, ಅದರಲ್ಲಿ ಅರ್ಧ ನನ್ನ ಮೇಲೇ ಇತ್ತು. ಮುದ್ದೆ ಕಟ್ಟುತ್ತಿದ್ದ ಸೊಸೆಗೆ ಎಲ್ಲರೆದುರೇ ಹೇಳಿದೆ: "ಅವತ್ತು ನಾನಂದಿದ್ದು ತಪ್ಪು ಕಣಮ್ಮ."

ಅವಳು ತಲೆ ಎತ್ತಲಿಲ್ಲ. "ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತಲ್ಲ ಅತ್ತೆ. ಇವತ್ತು ಬಾಯಿ ಬಂತಾ?"

ಹಾಗಂದು, ಅವಳೇ ಮೊದಲ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದಳು. ಮಗಳು ತಟ್ಟೆ ಎಳೆದುಕೊಂಡು ಮಗುವಿಗೆ ಒತ್ತಿ ಕೂತಳು. ಮುಖ ಊದಿಸಿಕೊಂಡ ಅಕ್ಕನಿಗೆ ನಾನೇ ಸಾರು ಬಡಿಸಿದೆ. ಮಗು ತನ್ನ ಸೋದರತ್ತೆಯ ತಟ್ಟೆಗೆ ಕೈ ಹಾಕಿ ಕೋಳಿಯ ಕಾಲನ್ನು ಎತ್ತಿಕೊಂಡಿತು. ಎಲ್ಲರೂ ಉಂಡೆವು.