ಲೆಕ್ಕಕ್ಕಿಲ್ಲದ ಅರ್ಧ ಚಹಾ

ನಮ್ಮ ಅಣ್ಣಿಗೇರಿ ಕಡೆ ಅರ್ಧ ಕಪ್ ಚಹಾವನ್ನು ಯಾರೂ ಚಹಾ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಮನೆ ಹೊಕ್ಕು, ನಾಲ್ಕರಲ್ಲೂ 'ಅರ್ಧಾ ಸಾಕ್ರಿ' ಎಂದು ಸಂಕೋಚವನ್ನು ಅಭಿನಯಿಸಿ, ಐದನೆಯ ಮನೆಯಲ್ಲಿ 'ಚಾ ಆತೇನ್ರಿ?' ಎಂದರೆ 'ಇನ್ನೂ ಇಲ್ರಿ' ಎಂದು ನಿರ್ಮಲ ಅಂತಃಕರಣದಿಂದ ಹೇಳಬಲ್ಲ ಜನ ನಾವು. ಇಂಥ ಗಣಿತದಲ್ಲಿ ಬೆಳೆದ ನಾನು ನಿವೃತ್ತಿಯವರೆಗೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಎಂಬುದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದಿನ ನಾಚಿಕೆಗೆಲ್ಲ ಅದೇ ಮೂಲ.

ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟರೆ ಎದೆ ಹಿಡಿದಂತಾಗುತ್ತದೆ ಎಂದು ನಮ್ಮ ಗಂಗಕ್ಕ ಹೇಳತೊಡಗಿದಾಗ, ಹುಬ್ಬಳ್ಳಿಯ ಡಾಕ್ಟರು ಹೃದಯದ ಸ್ಕ್ಯಾನ್ ಬರೆದುಕೊಟ್ಟರು. ತುಸು ವಿಕಿರಣವಿರುವ ಔಷಧವನ್ನು ನರಕ್ಕೆ ಚುಚ್ಚಿ, ಹೃದಯದ ಯಾವ ಭಾಗಕ್ಕೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದು ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆ ಅದು. ಹಿಂದಿನ ದಿನದಿಂದಲೇ ಚಹಾ, ಕಾಫಿ ಮುಟ್ಟಬಾರದೆಂದು ಚೀಟಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಚಹಾ ಇಲ್ಲದ ತಲೆಶೂಲೆಯಿಂದ ಹಣೆ ಒತ್ತಿಕೊಂಡು ಕುಳಿತಿದ್ದಳು. ನನಗೆ ತಡೆಯಲಾಗಲಿಲ್ಲ, ಅರ್ಧ ಚಹಾ ತಂದು ಅವಳ ಮುಂದೆ ಹಿಡಿದೆ.

"ಬ್ಯಾಡಂದಾರಲ್ಲೋ," ಅಂದಳು.

"ಅರ್ಧಾ ಚಾಕ್ಕ ಏನೂ ಆಗೂದಿಲ್ಲ, ಕುಡಿ. ವಿಜ್ಞಾನ ನನಗ ಬಿಡು," ಅಂದೆ. ತಮ್ಮನ ಮಾತೆಂದು ಕುಡಿದಳು.

ಆಸ್ಪತ್ರೆಯಲ್ಲಿ ನನ್ನ ಪಾಂಡಿತ್ಯಕ್ಕೆ ಕಡಿವಾಣವೇ ಇರಲಿಲ್ಲ. ವಿಕಿರಣದ ಪ್ರಮಾಣವನ್ನು ಎಷ್ಟು ಕಡಿಮೆ ಮಾಡುತ್ತೀರಿ ಎಂದು ಅಲ್ಲಿನ ಟೆಕ್ನಿಷಿಯನ್ ಹುಡುಗಿಯನ್ನು ಪರೀಕ್ಷಕನಂತೆ ಪ್ರಶ್ನಿಸಿದೆ. ಆಕೆ ಬೇಸರಿಸದೆ ವಿವರಿಸಿದಳು: ತೂಕ ನೋಡಿ ಬೇಕಾದಷ್ಟೇ ಔಷಧ, ರಕ್ತನಾಳ ಹಿಗ್ಗಿಸಿ ಮೊದಲ ಚಿತ್ರ, ಅದು ನಿರ್ದೋಷವಾಗಿದ್ದರೆ ವಿಶ್ರಾಂತಿಯ ಎರಡನೆಯ ಚಿತ್ರವೂ ಬೇಡ, ಅದರ ಇಂಜೆಕ್ಷನ್ನೂ ಬೇಡ. "ಒಂದು ಹನಿ ಹೆಚ್ಚಿಗಿ ಹೋಗಬಾರದ್ರಿ ಮಾಸ್ತರ, ಆದ್ರ ರೋಗಾನೂ ತಪ್ಪಿಸ್ಕೋಬಾರದು," ಎಂದು ನಕ್ಕು, ಅಕ್ಕನ ಕಡೆ ತಿರುಗಿ, "ಅಮ್ಮಾರ, ಚಾ ಗೀ ಕುಡದೀರೇನ್ರಿ?" ಎಂದು ಕೇಳಿದಳು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು, "ಏನೂ ಇಲ್ರಿ," ಅಂದೆ. ಆ ಕ್ಷಣ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೂ ಇಲ್ಲ.

ಚಿತ್ರಕ್ಕಾಗಿ ಕಾಯುವಾಗ, ಸುಮ್ಮನಿರಲಾರದ ಮಾಸ್ತರಿಕೆ ಮತ್ತೆ ಪಾಠ ಶುರುಮಾಡಿತು. ನಾಳ ಹಿಗ್ಗಿಸುವ ಔಷಧಕ್ಕೆ ಒಳ್ಳೆಯ ನಾಳಗಳು ಹಿಗ್ಗುತ್ತವೆ, ಕಟ್ಟಿಕೊಂಡದ್ದು ಹಿಂದೆ ಬೀಳುತ್ತದೆ, ಆ ವ್ಯತ್ಯಾಸವೇ ಚಿತ್ರದಲ್ಲಿ ಕಾಣುತ್ತದೆ. ಚಹಾ ಕುಡಿದರೆ ಆ ಔಷಧ ನಾಟುವುದಿಲ್ಲ, ಎಲ್ಲವೂ ಒಂದೇ ಸಮ ಕಂಡು ರೋಗ ಮುಚ್ಚಿಹೋಗುತ್ತದೆ. ಇಷ್ಟು ಹೇಳುವ ಹೊತ್ತಿಗೆ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಅಕ್ಕ ಶಾಲೆಯಲ್ಲಿ ಕಲಿತದ್ದು ಮೂರನೆಯ ಇಯತ್ತೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹುಡುಗಿ ಹೊರಬಂದು, "ಚಿತ್ರ ಅಗದಿ ಚಲೋ ಬಂದಾವ್ರಿ. ಎರಡನೇ ಇಂಜೆಕ್ಷನ್ ಬ್ಯಾಡ," ಅಂದಳು. ಹೇಳಬೇಕಾದವನು ನಾನು. ನಾನು ಚಪ್ಪಲಿ ನೋಡುತ್ತ ನಿಂತೆ.

"ತಂಗಿ, ನಾ ಅರ್ಧಾ ಚಾ ಕುಡದಿದ್ನಿ ನೋಡವಾ," ಎಂದಳು ಅಕ್ಕ. "ತಮ್ಮ ಪೇಪರ್ ತರಾಕ ಹೋಗಿದ್ದ. ಅವಂಗ ಗೊತ್ತಿಲ್ಲ."

ಹುಡುಗಿಯ ಮುಖ ಇಳಿಯಿತು. ಆ ಚಿತ್ರವನ್ನು ನಂಬುವಂತಿಲ್ಲ, ಇನ್ನೊಂದು ದಿನ ಬರಬೇಕು, ಇಂಜೆಕ್ಷನ್ ಮತ್ತೆ ಮೊದಲಿನಿಂದ. ಹನಿ ಹನಿ ಉಳಿಸಿದ್ದ ಆಕೆಯ ಜಾಣತನವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. "ಇಷ್ಟು ತಿಳದ ಮಾಸ್ತರ ಬಾಜೂಕ ಇದ್ರು, ಅವರನ್ನರ ಕೇಳಬೇಕಿಲ್ರಿ ಅಮ್ಮಾರ?" ಎಂದು ಮೆಲ್ಲಗೆ ಗದರಿದಳು. ನಾನೇನು ಮಾಡಿದೆ ಗೊತ್ತೆ? ಹೌದೆಂದು ತಲೆಯಾಡಿಸಿದೆ. ಈ ತಲೆಯನ್ನು ಹೊತ್ತುಕೊಂಡೇ ಇಂದಿಗೂ ತಿರುಗಾಡುತ್ತಿದ್ದೇನೆ.

ಮರುವಾರ ಹೋಗುವಾಗ ತಪ್ಪೊಪ್ಪಿಗೆಯ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. "ಈ ಸಲ ಅಮ್ಮಾರನ್ನ ನೀವ ಕಾಯ್ದಿರಬೇಕಲ್ರಿ, ಮಾಸ್ತರ?" ಎಂದು ಅದೇ ಹುಡುಗಿ ನಂಬುಗೆಯಿಂದ ನಕ್ಕಳು. ನಾನೂ ನಕ್ಕುಬಿಟ್ಟೆ. ಅವಳಿಗೆ ಹೇಳಲಾಗದ್ದನ್ನು ಈಗ ನಿಮ್ಮ ಮುಂದೆ ಒದರುತ್ತಿದ್ದೇನೆ, ಇದರಲ್ಲಿಯೂ ಶೌರ್ಯವೇನಿಲ್ಲ.

ಆ ದಿನದ ಚಿತ್ರದಲ್ಲಿ ಹೃದಯದ ಒಂದು ಅಂಚು ಮಸುಕಾಗಿತ್ತು. ಬೇಗ ತಿಳಿದದ್ದು ಒಳ್ಳೆಯದಾಯಿತು, ನಾಳ ತೆರೆದು ಸರಿಮಾಡಬಹುದು ಎಂದರು ಡಾಕ್ಟರು. ಅಕ್ಕ ಆ ದಿನ ಬಾಯಿ ಬಿಡದಿದ್ದರೆ, 'ಅಗದಿ ಚಲೋ' ಎಂಬ ಚಿತ್ರವನ್ನು ನಾನು ಚೌಕಟ್ಟು ಹಾಕಿಸಿದ ಪಟದಂತೆ ಮನೆಗೆ ತರುತ್ತಿದ್ದೆ.

ಊರಿಗೆ ಬಂದು ಬಸ್ಸಿಳಿದಾಗ ಅಕ್ಕ ತಾನೇ ಹೋಗಿ ಎರಡು ಅರ್ಧ ಚಹಾ ಹೇಳಿದಳು. ಒಂದನ್ನು ನನ್ನ ಮುಂದೆ ಸರಿಸಿ, ನನ್ನ ಕಡೆ ನೋಡದೆ, "ಈಗ ಹೇಳೋ ಮಾಸ್ತರ, ಇದು ಚಾ ಹೌದೋ, ಅಲ್ಲೋ?" ಅಂದಳು.

"ಹೌದಕ್ಕ," ಅಂದೆ. ಕಪ್ಪನ್ನು ತುಟಿಗೆ ತರಲಾಗಲಿಲ್ಲ.

"ಹಂಗಾರ ಕುಡಿ, ಆರತೈತಿ," ಅಂದಳು.