ತಿನ್ನೂದು ಛಲೋ, ಔಷಧ ಅಲ್ಲ

ತ್ರಿಶಲಾ ಮೇಡಂಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ತಮ್ಮನ್ನು ಏನೆಂದು ಬೈಯುತ್ತಿದ್ದಾರೆ ಎಂದು ಕೇಳಿಸಿಕೊಳ್ಳಲು ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿ ಕೂರಬೇಕಾಗುತ್ತಿತ್ತು. ಬೆಳಗಾವಿಯ ಕಾಲೇಜೊಂದರಲ್ಲಿ ಅವರು ನನಗೆ ರಸಾಯನಶಾಸ್ತ್ರ ಕಲಿಸಿದರು. ಗಿಡ್ಡನೆಯ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಮುಂಗೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಮದುವೆಯಾಗಿರಲಿಲ್ಲ. ಮಹಾಂತೇಶ ನಗರದಲ್ಲಿ ತಾಯಿಯ ಜೊತೆ ಇದ್ದರು. ತಡವಾಗಿ ಬಂದವರ ಮೇಲೆ, ಅರ್ಧ ಅಳಿಸಿದ ಬೋರ್ಡಿನ ಮೇಲೆ, "ಸುಮಾರು" ಎಂಬ ಪದ ಬಳಸಿದವರ ಮೇಲೆ ಅವರಿಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಅವರು ಕಾಗದದ ಪೊಟ್ಟಣದಲ್ಲಿ ಸಾಸಿವೆ ತಂದು ನಮಗೆಲ್ಲ ಹಂಚಿದರು.

"ಬಾಯಾಗ ಹಾಕ್ಕೋರಿ. ಅಗೀಬ್ಯಾಡ್ರಿ. ಏನ ಅನಸ್ತದ?"

"ಏನೂ ಇಲ್ರಿ ಮೇಡಂ."

"ಈಗ ಅಗೀರಿ."

ಅಗಿದೆವು. ಘಾಟು ಮೂಗಿಗೆ ಏರಿತು, ಕಣ್ಣಲ್ಲಿ ನೀರು ಬಂತು.

"ಈ ಖಾರ ಮೊದಲ ಕಾಳಿನ್ಯಾಗ ಇರಲಿಲ್ಲ," ಎಂದರು. "ಎರಡು ಖೋಲ್ಯಾಗ ಎರಡು ವಸ್ತು ಬ್ಯಾರೆ ಬ್ಯಾರೆ ಕುಂತಿದ್ವು. ನೀವು ನಡುವಿನ ಗ್ವಾಡಿ ಒಡದ್ರಿ. ಎರಡೂ ಕೂಡಿದ್ವು, ಖಾರ ಹುಟ್ತು. ಕೋಬಿ, ಫ್ಲಾವರ, ನವಲಕೋಲ, ಮೂಲಂಗಿ, ಎಲ್ಲಾ ಇದ ಮನಿತನ. ಗಿಡಕ್ಕ ಓಡಾಕ ಕಾಲಿಲ್ಲ. ಕಡ್ಯಾಕ ಬಂದ ಹುಳದ ಬಾಯಿ ಸುಡಲಿ ಅಂತ ಇದನ್ನ ಇಟ್ಕೊಂಡದ. ನಿಮ್ಮ ಸಲುವಾಗಿ ಅಲ್ಲ."

ಅವರು ಪಿಎಚ್.ಡಿ. ಮಾಡಿದ್ದು ಈ ಮನೆತನದ ಮೇಲೆಯೇ. ಆದರೆ ಅವರು ಜೈನರು; ಅವರ ಮನೆಯಲ್ಲಿ ಈ ಕೋಬಿ, ಫ್ಲಾವರ, ಅಂದರೆ ಎಲೆಕೋಸು, ಹೂಕೋಸು ಹೊಸ್ತಿಲು ದಾಟುತ್ತಿರಲಿಲ್ಲ. ಪದರಗಳ ನಡುವೆ ಹುಳು ಇರುತ್ತವೆ, ಹೆಚ್ಚಿದರೆ ಹಿಂಸೆ ಎಂಬುದು ತಾಯಿಯ ಕಟ್ಟಳೆ. ಕೋಸಿನ ಪಲ್ಯದ ರುಚಿ ಹೇಗಿರುತ್ತದೆಂದು ಮೇಡಂಗೆ ಗೊತ್ತೇ ಇರಲಿಲ್ಲ. ಲ್ಯಾಬಿನಲ್ಲಿ ಅವರು ಒಂದೊಂದೇ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹುಳು ಕಂಡರೆ ಚಿತ್ರ ಬರೆಯುವ ಕುಂಚದಿಂದ ಎತ್ತಿ ಕಿಟಕಿಯಾಚೆಯ ಗಿಡದ ಮೇಲೆ ಬಿಟ್ಟು, ಆಮೇಲೆ ಚಾಕು ಹಿಡಿಯುತ್ತಿದ್ದರು. ಇದನ್ನು ಕಂಡು ನಕ್ಕ ಹುಡುಗನೊಬ್ಬನನ್ನು ಒಂದು ವಾರ ಲ್ಯಾಬಿನ ಒಳಗೆ ಬಿಟ್ಟುಕೊಳ್ಳಲಿಲ್ಲ.

ಹಾಸ್ಟೆಲಿನ ಮೆಸ್ಸಿನಲ್ಲಿ ಅಡುಗೆಯವನು ಕೋಸನ್ನು ದೊಡ್ಡ ಪಾತ್ರೆಯಲ್ಲಿ ತಾಸುಗಟ್ಟಲೆ ಕುದಿಸಿ, ನೀರು ಬಸಿದು ಚೆಲ್ಲುತ್ತಾನೆಂದು ಯಾರೋ ಹೇಳಿದಾಗ ಮೇಡಂ ನೇರ ಅಡುಗೆಮನೆಗೇ ಹೋದರು. ನಾನೂ ಹಿಂದೆ ಹೋಗಿದ್ದೆ.

"ಗುಣ ಎಲ್ಲಾ ಗಟಾರಕ್ಕ ಹೋತು. ಹುಡುಗೂರಿಗೆ ಬರೇ ನಾರು ಹಾಕ್ತಿ," ಎಂದರು.

"ಕುದಸದಿದ್ರ ವಾಸನಿ ಬರತೈತ್ರಿ ಬಾಯಾರ," ಎಂದ ಅವನು.

"ಕುದಸಿದ್ದಕ್ಕ ವಾಸನಿ ಬರ್ತದ. ಸಣ್ಣಗ ಹೆಚ್ಚಿ ಹತ್ತು ನಿಮಿಷ ಹಂಗ ಬಿಡು. ಆಮ್ಯಾಲೆ ಒಗ್ಗರಣಿ ಹಾಕಿ, ನಾಕ ನಿಮಿಷ ಮುಚ್ಚಿ ಇಳಸು."

ಅವನು ತಲೆ ಆಡಿಸಿದ. ಮೇಡಂ ಆ ತಲೆಯಾಡಿಸುವಿಕೆಯನ್ನು ನಂಬದೆ, ಮುಂದಿನ ನಾಲ್ಕು ಕೋಸಿನ ದಿನಗಳೂ ಒಲೆಯ ಪಕ್ಕ ಗಡಿಯಾರ ನೋಡುತ್ತ ನಿಂತರು. ತಾವು ಎಂದೂ ತಿನ್ನದ ಪಲ್ಯಕ್ಕೆ!

ನಾನು ಬಿ.ಎಸ್ಸಿ. ಹೇಗೋ ಮುಗಿಸಿ ಊರಿನ ಒಂದು ಸಣ್ಣ ದಿನಪತ್ರಿಕೆ ಸೇರಿದೆ. ಭಾನುವಾರದ ಆರೋಗ್ಯ ಪುಟ ನನ್ನ ಪಾಲಿಗೆ ಬಂತು. ಎರಡು ಸಾವಿರದ ಆಸುಪಾಸಿನ ಮಾತು. ಪೀರನವಾಡಿಯ ರೈತರೊಬ್ಬರು ಗೋವಾದ ಹೋಟೆಲುಗಳಿಗೆಂದು ಬ್ರೊಕೋಲಿ ಹಾಕಿದ್ದರು. ಊರಿಗೆ ಅದು ಹೊಸದು. ನೋಡಿದವರು ಹೂಕೋಸಿಗೆ ರೋಗ ತಗುಲಿ ಹಸಿರಾಗಿದೆ ಎನ್ನುತ್ತಿದ್ದರು. ಇದರ ಬಗ್ಗೆ ಬರೆಯೋಣವೆಂದು ಮೇಡಂ ಅವರನ್ನು ಕೇಳಲು ಹೋದೆ. ಖುಷಿಪಟ್ಟರು. ಒಂದು ತಾಸು ಕೂರಿಸಿಕೊಂಡು ಹೇಳಿದರು. ಈ ತರಕಾರಿಗಳ ಗಂಧಕದ ವಸ್ತುಗಳು ಹೆಚ್ಚಿದಾಗ, ಅಗಿದಾಗ ಬೇರೆಯೇ ಆಗುತ್ತವೆ. ಮೈಯಲ್ಲಿ ಸೇರಿದ ವಿಷವನ್ನು ಹೊರಹಾಕುವ ನಮ್ಮದೇ ವ್ಯವಸ್ಥೆಯನ್ನು ಅವು ಚುರುಕು ಮಾಡುತ್ತವೆ. ಗಾಜಿನ ತಟ್ಟೆಯ ಜೀವಕೋಶಗಳಲ್ಲಿ, ಇಲಿಗಳಲ್ಲಿ ಅವು ಗಡ್ಡೆ ಬೆಳೆಯುವುದನ್ನು ತಡೆದದ್ದನ್ನು ಸಂಶೋಧಕರು ನೋಡಿದ್ದಾರೆ. ಅಷ್ಟು ಹೇಳಿ ನನ್ನ ಪೆನ್ನಿನ ಕಡೆ ಬೆರಳು ಮಾಡಿದರು.

"ಇಲಿ ಬ್ಯಾರೆ, ಮನಶ್ಯಾ ಬ್ಯಾರೆ. ದಿನಾ ಊಟದಾಗ ತಿನ್ನೂದು ಛಲೋ. ಔಷಧ ಅಲ್ಲ. ಗಡ್ಡಿ ಆದವರು ದವಾಖಾನಿಗೆ ಹೋಗಬೇಕು. ಇವು ಎರಡೂ ಮಾತು ಕೂಡೇ ಬರಿ. ಒಂದು ಬರದು ಒಂದು ಬಿಡಬ್ಯಾಡ, ತಿಳೀತಿಲ್ಲೋ?"

ತಿಳಿದಿತ್ತು. ಎರಡನ್ನೂ ಬರೆದೆ. ಶನಿವಾರ ಸಂಜೆ ಸೀರೆ ಅಂಗಡಿಯದೊಂದು ಜಾಹೀರಾತು ಬಂತು. ಸಂಪಾದಕರು ಜಾಗ ಬಿಡಿಸು ಎಂದರು. ಕೊನೆಯ ಪ್ಯಾರಾ ತೆಗೆದೆ. ಆ ಪ್ಯಾರಾದಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ತಲೆಬರಹವೂ ನನ್ನದೇ: "ಕೋಸು ತಿನ್ನಿ, ಕ್ಯಾನ್ಸರ್ ಓಡಿಸಿ." ಪ್ರಾಸವಿಲ್ಲದಿದ್ದರೂ ಕಿವಿಗೆ ಹಿತವಾಗಿದೆ ಎಂದು ಸಂಪಾದಕರು ಬೆನ್ನು ತಟ್ಟಿದರು. ಬೀಗಿದೆ. ಅದನ್ನು ಇವತ್ತು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಸೋಮವಾರ ಮುಂಜಾನೆ ಮೇಡಂ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟರು. ನಾನು ಎದ್ದು ಕುರ್ಚಿ ಎಳೆದೆ. ಕೂರಲಿಲ್ಲ.

"ಇದನ್ನ ನೀವು ಬರದೀರೇನ್ರಿ?"

ಅಲ್ಲಿಯವರೆಗೆ ನನ್ನನ್ನು "ನೀ" ಎನ್ನುತ್ತಿದ್ದವರು ಅಂದು "ನೀವು" ಎಂದರು. ಮತ್ತೆ ಎಂದೂ "ನೀ" ಎನ್ನಲಿಲ್ಲ.

ಜಾಗದ ಕಥೆ ಹೇಳಿದೆ. ಅವರು ಸೀರೆಯ ಜಾಹೀರಾತನ್ನು ನೋಡಿದರು. "ಸೀರಿ ಒಂದ ವಾರ ತಡದಿದ್ರ ಯಾರೂ ಸಾಯ್ತಿರಲಿಲ್ಲ," ಎಂದರು. ಎಷ್ಟು ಸಣ್ಣ ದನಿಯಲ್ಲೆಂದರೆ, ಪಕ್ಕದ ಮೇಜಿನವರು ನಾವೇನೋ ಗುಟ್ಟು ಮಾತಾಡುತ್ತಿದ್ದೇವೆ ಅಂದುಕೊಂಡರು.

ತಿದ್ದುಪಡಿಯನ್ನು ಅವರೇ ಕೈಯಾರೆ ಬರೆದು ತಂದಿದ್ದರು. ಮೊದಲ ಪುಟದಲ್ಲಿ ಹಾಕಿ ಎಂದರು. ಸಂಪಾದಕರು ನಕ್ಕು, "ಬಾಯಾರ, ಪಲ್ಲೆದ ಸುದ್ದಿ ಐತಿ, ಇಷ್ಟ್ಯಾಕ ಮನಸ್ಸಿಗೆ ಹಚ್ಕೋತೀರಿ," ಎಂದು ಚಹಾ ತರಿಸಿದರು. ಮೇಡಂ ಚಹಾ ಮುಟ್ಟಲಿಲ್ಲ. ತಿದ್ದುಪಡಿ ಮರುದಿನ ಒಳಪುಟದಲ್ಲಿ, ಮಾರುಕಟ್ಟೆ ಧಾರಣೆಯ ಕೆಳಗೆ ನಾಲ್ಕು ಸಾಲಾಗಿ ಬಂತು. ಓದಲು ಕನ್ನಡಕ ಬೇಕಿತ್ತು. ಅದನ್ನು ಹಾಗೆ ಮೂಲೆಗೆ ತಳ್ಳಿದಾಗ ನಾನು ಒಂದು ಮಾತೂ ಆಡಲಿಲ್ಲ.

ಮೂರು ತಿಂಗಳ ಮೇಲೆ ಕಚೇರಿಗೆ ಅವರ ಫೋನು ಬಂತು. "ನಾಳೆ ಮುಂಜಾನೆ ಸ್ಟೇಶನ್‌ಗೆ ಬರ್ರಿ. ಗುಂಜಿಗೆ ಹೋಗೂದದ. ಆ ಪೇಪರ್ ತರ್ರಿ." ಯಾಕೆಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟರು.

ಪ್ಯಾಸೆಂಜರ್ ರೈಲು ಖಾನಾಪುರ ದಾಟಿತು. ಮೇಡಂ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. ಹಿಂದಿನ ದಿನ ಗುಂಜಿಯಿಂದ ಒಬ್ಬರು ಕಾಲೇಜಿಗೆ ಬಂದಿದ್ದರು. ಹೆಸರು ತುಕಾರಾಮ, ರೈಲ್ವೆಯಲ್ಲಿ ಹಳಿ ರಿಪೇರಿಯ ಕೆಲಸ. ಹೆಂಡತಿ ರುಕ್ಮಾಬಾಯಿಗೆ ಎದೆಯಲ್ಲಿ ಗಂಟು. ಬೆಳಗಾವಿಯ ಡಾಕ್ಟರು ತಡಮಾಡದೆ ಆಪರೇಷನ್ ಮಾಡಿಸಿ ಎಂದಿದ್ದರು. ಅದೇ ವಾರ ಮೇಡಂ ಹೆಸರಿದ್ದ ನನ್ನ ಲೇಖನ ಬಂದಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದ ಅದರ ತುಣುಕು ತೋರಿಸಿ ಆತ ಕೇಳಿದ್ದರು: "ಮೂರ ತಿಂಗಳಾತ್ರಿ, ಎರಡೂ ಹೊತ್ತು ಕೋಬಿ ರಸಾ ಕುಡಸಾಕತ್ತೇನಿ. ಗಂಟ ದೊಡ್ಡದ ಆಗೇತಿ. ಪೀರನವಾಡಿ ಹಸರ ಫ್ಲಾವರ ತಂದ ಕುಡಸಲೇನ್ರಿ?"

ಮುಂದಿನ ದಾರಿಯಲ್ಲಿ ನನಗೆ ಕಾಡು ಕಾಣಲಿಲ್ಲ, ಏನೂ ಕಾಣಲಿಲ್ಲ.

ಮನೆ ಸ್ಟೇಶನ್ನಿಗೆ ಹತ್ತಿರವೇ ಇತ್ತು. ಪಡಸಾಲೆಯ ಮೂಲೆಯಲ್ಲಿ ಎಲೆಕೋಸಿನ ರಾಶಿ, ಪಕ್ಕದಲ್ಲಿ ರಸ ಹಿಂಡಿ ಹಿಂಡಿ ಹಸಿರುಗಟ್ಟಿದ ಬಟ್ಟೆ. ರುಕ್ಮಾಬಾಯಿಗೆ ನಲವತ್ತು ದಾಟಿರಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದು ಗೋಡೆಗೆ ಒರಗಿ ಕೂತಿದ್ದರು. "ಬರ್ರಿ, ಕುಂದರ್ರಿ," ಎಂದರು. ಮೇಡಂ ಅವರ ಎದುರಿಗೆ ನೆಲದ ಮೇಲೆ ಕೂತು, ನನಗೆ ಹೇಳಿದರು.

"ಓದ್ರಿ."

ತಲೆಬರಹದಿಂದ ಕೊನೆಯವರೆಗೆ ಓದಿದೆ.

"ಈಗ ಬಿಟ್ಟಿದ್ದು ಹೇಳ್ರಿ."

ಹೇಳಿದೆ. ಇದು ಔಷಧವಲ್ಲ ಎಂದು ಮೇಡಂ ಹೇಳಿದ್ದರು. ಗಡ್ಡೆ ಆದವರು ದವಾಖಾನೆಗೆ ಹೋಗಬೇಕು ಎಂದಿದ್ದರು. ಅದನ್ನು ತೆಗೆದವನು ನಾನು. ಪೇಪರಿನ ಮೇಲೆ ಕಣ್ಣಿಟ್ಟೇ ಹೇಳಿದ್ದೆ. "ಇನ್ನೊಮ್ಮೆ ಹೇಳ್ರಿ, ಅವರಿಗೆ ಕೇಳಿಸಿಲ್ಲ," ಎಂದರು ಮೇಡಂ. ಇನ್ನೊಮ್ಮೆ ಹೇಳಿದೆ.

ತುಕಾರಾಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ರುಕ್ಮಾಬಾಯಿ ನನ್ನನ್ನು ಬಹಳ ಹೊತ್ತು ನೋಡಿ, ಮೇಡಂ ಕಡೆ ತಿರುಗಿದರು.

"ನನಗ ಖರೇ ಗೊತ್ತಿತ್ತರಿ ಬಾಯಿ. ಕೋಬಿ ರಸಕ್ಕ ಗಂಟ ಕರಗತೈತೇನು? ಆದ್ರ ಪೇಪರಿನ್ಯಾಗ ಬಂದೈತಿ ಅಂತ ಇವರು ಅಂದ್ರು. ಕೊಯ್ಯಿಸ್ಕೊಳ್ಳೂದು ತಪ್ಪತೈತಲಾ ಅಂತ ಕುಡಕೋತ ಕುಂತೆ. ನನಗ ಅಂಜಿಕಿ ಬಾಳ ಐತ್ರಿ."

"ಅಂಜಿಕಿ ತಪ್ಪಲ್ಲ," ಎಂದರು ಮೇಡಂ. "ಅಂಜಿದವರಿಗೆ ಸುಳ್ಳು ಕೊಡೂದು ತಪ್ಪು. ನಾಳೆ ನಾ ನಿಮ್ಮ ಸಂಗಾಟ ಬರ್ತೀನಿ. ಕೊಯ್ಯೂತನಕ ಬಾಗಲದಾಗ ಕುಂದರ್ತೀನಿ."

ಹಾಗೆಯೇ ಮಾಡಿದರು. ಆಸ್ಪತ್ರೆಯ ಸಾಲುಗಳಲ್ಲಿ, ಎಕ್ಸ್‌ರೇ ಕೋಣೆಯ ಮುಂದೆ ನಿಂತರು. ಊಟದ ಹೊತ್ತಾಯಿತೆಂದು ಕಿಟಕಿ ಮುಚ್ಚಿದವರ ಹತ್ತಿರ ಹೋಗಿ ತಮ್ಮ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು, ಕಿಟಕಿ ತೆರೆಯುತ್ತಿತ್ತು. ಆಪರೇಷನ್ ದಿನ ನಾನೂ ಹೋದೆ. ಹಣ್ಣಿನ ಚೀಲ ಹಿಡಿದು ನಿಂತಿದ್ದೆ. "ನೀವು ಹೊರಗ ನಿಂದರ್ರಿ," ಎಂದರು. ನಿಂತೆ.

ರುಕ್ಮಾಬಾಯಿ ಎದ್ದು ಓಡಾಡಿದರು, ಮನೆ ನಡೆಸಿದರು. ಆಮೇಲೆ ರೋಗ ಮತ್ತೆ ಮರಳಿತು, ಈ ಸಲ ಬೆನ್ನುಮೂಳೆಗೆ. ಆಪರೇಷನ್ ಆಗಿ ಎರಡು ವರ್ಷ ದಾಟಿದ ಒಂದು ದಿನ ತುಕಾರಾಮ ಫೋನು ಮಾಡಿ, ರುಕ್ಮಾಬಾಯಿ ತೀರಿಕೊಂಡರು ಎಂದರು. ಮೇಡಂ ಮತ್ತು ನಾನು ಅದೇ ರೈಲಿನಲ್ಲಿ ಗುಂಜಿಗೆ ಹೋದೆವು.

ನಮ್ಮನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ತುಕಾರಾಮ ಚಾಪೆ ಹಾಸಿ ಕೂರಿಸಿದರು, ಪಕ್ಕದ ಮನೆಯವರು ಚಹಾ ತಂದುಕೊಟ್ಟರು. "ದೇವರ ಇಚ್ಛಾ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ," ಎಂದು ನನ್ನ ಕೈ ಹಿಡಿದರು. ಮೇಡಂ ಆ ಕೈಗಳನ್ನು ನೋಡಿದರು. ಅವರ ಮುಖದ ಮೇಲಿನ ಸಿಟ್ಟನ್ನು ನಾನು ಮರೆತಿಲ್ಲ. ಎಲ್ಲರೂ ಇಷ್ಟು ಸುಲಭವಾಗಿ ದೇವರ ಹೆಸರು ಹೇಳಿ ಮುಗಿಸುತ್ತಿದ್ದಾರಲ್ಲ ಎಂಬ ಸಿಟ್ಟು ಅದು.

ಮರಳಿ ಬರುವಾಗ ರೈಲಿನಲ್ಲಿ ನಾನೇ ಬಾಯಿ ತೆರೆದೆ. ಡಾಕ್ಟರನ್ನು ಕೇಳಿದ್ದೆ, ಆ ಮೂರು ತಿಂಗಳು ತಡವಾಗದಿದ್ದರೂ ಹೀಗೇ ಆಗುತ್ತಿತ್ತೋ ಏನೋ ಗೊತ್ತಿಲ್ಲ ಎಂದರು, ಎಂದೆ.

"ಗೊತ್ತಿಲ್ಲ ಅಂತ ಡಾಕ್ಟರ್ ಅನ್ನಬಹುದು," ಎಂದರು. "ನೀವು ಅನ್ನಬ್ಯಾಡ್ರಿ."

ಬೆಳಗಾವಿ ಸ್ಟೇಶನ್ನಿನ ಹೊರಗೆ ಆಟೋ ಹತ್ತುವ ಮುನ್ನ ಒಮ್ಮೆ ನಿಂತರು. "ತುಕಾರಾಮ ಕ್ಷಮಾ ಮಾಡ್ಯಾನ. ಅದು ಅವನ ದೊಡ್ಡತನ. ನಾ ಮಾಡಿಲ್ಲ," ಎಂದರು. ಆಟೋ ಹೋಯಿತು. ನಾವು ಮಾತಾಡಿದ್ದು ಅದೇ ಕೊನೆ.

ಆರೋಗ್ಯ ಪುಟ ಬೇಡವೆಂದು ಬರೆದುಕೊಟ್ಟು ಕೋರ್ಟಿನ ವರದಿಗೆ ಹೋದೆ. ಆ ಪುಟ ನಿಲ್ಲಲಿಲ್ಲ. ಬೇರೊಬ್ಬರು ಹಾಗಲಕಾಯಿಯಿಂದ ಸಕ್ಕರೆ ಕಾಯಿಲೆ ಓಡಿಸಿದರು, ಮತ್ತೊಬ್ಬರು ಬೆಳ್ಳುಳ್ಳಿಯಿಂದ ಹೃದಯ ತೊಳೆದರು. ಔಷಧದ ಅಂಗಡಿಗಳಲ್ಲಿ ಈಗ ಬ್ರೊಕೋಲಿಯ ಗುಳಿಗೆಗಳಿವೆ, ಡಬ್ಬಿಯ ಮೇಲೆ ನಗುವ ಹೆಂಗಸಿನ ಚಿತ್ರವಿದೆ. ನೋಡಿದಾಗೆಲ್ಲ ಮೈ ಉರಿಯುತ್ತದೆ. ಆದರೆ ಹಾಗೆ ಉರಿಯುವ ಹಕ್ಕು ಮೇಡಂಗೆ ಇತ್ತು, ನನಗಿಲ್ಲ.

ಅವರು ತೀರಿದ ಸುದ್ದಿ ನನಗೆ ಬಂದದ್ದು ನಿಧನ ವಾರ್ತೆಯ ರೂಪದಲ್ಲಿ. ಮೇಡಂ ಅವರ ತಮ್ಮನೊಬ್ಬರು ಫೋನಿನಲ್ಲಿ ಬರೆಸುತ್ತಿದ್ದರು, ಆ ದಿನ ಡೆಸ್ಕಿನಲ್ಲಿದ್ದ ನಾನು ಬರೆದುಕೊಳ್ಳುತ್ತಿದ್ದೆ. ನಿವೃತ್ತ ಪ್ರಾಧ್ಯಾಪಕಿ, ಮಹಾಂತೇಶ ನಗರ, ಹೃದಯಾಘಾತ. ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅವರಿಗೆ ಅನುಮಾನ ಬಂದಿರಬೇಕು.

"ಅಕ್ಕನ ಪರಿಚಯ ಇತ್ತೇನ್ರಿ ನಿಮಗ?"

"ನನ್ನ ಗುರುಗಳ್ರಿ. ನನ್ನ ಮ್ಯಾಲೆ ಸಿಟ್ಟಾಗಿದ್ರು."

ಆಚೆ ಅವರು ಅಳುವಿನ ನಡುವೆಯೇ ಸ್ವಲ್ಪ ನಕ್ಕಂತೆ ಕೇಳಿಸಿತು. "ಅಕ್ಕ ಎಲ್ಲಾರ ಮ್ಯಾಲೂ ಸಿಟ್ಟ ಆಗಾಕಿರಿ. ಅದೇನ ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ಇಲ್ರಿ," ಎಂದೆ. "ನನ್ನ ಮ್ಯಾಲಿನ ಸಿಟ್ಟು ಬರೋಬ್ಬರಿ ಇತ್ತು, ನ್ಯಾಯದ್ದ ಇತ್ತು."